ಅಂಕಿ ಸರಿಹೋದರೆ ಸಾಕೆ?

ಇಂದಿರಾನಗರದಲ್ಲಾಗಲಿ ಕೃಷ್ಣರಾಜಪುರದಲ್ಲಾಗಲಿ, ರಕ್ತಪರೀಕ್ಷೆಯ ವರದಿಯನ್ನು ಹಿಡಿದು ಚಿಂತಿಸುವ ಹಿರಿಯರನ್ನು ನಾವೆಲ್ಲರೂ ಕಂಡಿದ್ದೇವೆ. ಸೊಂಟದ ಸುತ್ತಳತೆ, ರಕ್ತದ ಒತ್ತಡ, ರಕ್ತದಲ್ಲಿನ ಸಕ್ಕರೆ, ಟ್ರೈಗ್ಲಿಸರೈಡ್ ಎಂಬ ಕೊಬ್ಬು ಇವು ಹೆಚ್ಚಿರುವುದು, 'ಒಳ್ಳೆಯ' ಕೊಲೆಸ್ಟರಾಲ್ ಕಡಿಮೆಯಿರುವುದು, ಈ ಐದರಲ್ಲಿ ಮೂರು ಕೂಡಿದರೆ ವೈದ್ಯರು ಅದನ್ನು ಮೆಟಬಾಲಿಕ್ ಸಿಂಡ್ರೋಮ್ ಎನ್ನುತ್ತಾರೆ. ರಕ್ತನಾಳಗಳ ಒಳಪದರ ಕೆಡುವುದಕ್ಕೆ ಇದು ದಾರಿ.

ಕೊಬ್ಬಿನ ಅಂಕಿಗಳನ್ನು ತಿದ್ದುವ ಅಗ್ಗದ ವಸ್ತುವೊಂದುಂಟು. ಅದೇ ನಯಾಸಿನ್ ಎಂಬ ಜೀವಸತ್ವ. ಇದರ ಕೊರತೆಯಿಂದ ಪೆಲಾಗ್ರ ರೋಗ ಬರುತ್ತದೆ. ಜೋಳವನ್ನೇ ನಂಬಿ ಬದುಕುತ್ತಿದ್ದ ದಖ್ಖನ್ನಿನ ಬಡವರಲ್ಲಿ ಕಂಡ ಈ ರೋಗದ ಕಾರಣವನ್ನು ಹೈದರಾಬಾದಿನಲ್ಲಿ ಸಿ. ಗೋಪಾಲನ್ ಮತ್ತು ಸಂಗಡಿಗರು 1960ರ ಸುಮಾರಿನಲ್ಲಿ ಅರಸಿದರು. ದಿನಕ್ಕೆ ಬೇಕಾದುದು ಸುಮಾರು 15 ಮಿಲಿಗ್ರಾಂ ಮಾತ್ರ. ಶಿವಾಜಿನಗರದ ಮಾರುಕಟ್ಟೆಯ ಕಡಲೆಕಾಯಿ, ಮೀನು, ಮಾಂಸಗಳಲ್ಲಿ ಅದು ಧಾರಾಳವಾಗಿದೆ.

ಇದನ್ನೇ ಗ್ರಾಂಗಟ್ಟಲೆ ಕೊಟ್ಟರೆ ಕೊಲೆಸ್ಟರಾಲ್ ಇಳಿಯುವುದೆಂದು 1955ರಲ್ಲಿ ಕೆನಡದ ಆಲ್ಟ್‌ಶುಲ್, ಹಾಫರ್, ಸ್ಟೀಫನ್ ಎಂಬವರು ತಿಳಿಸಿದರು. 'ಒಳ್ಳೆಯ' ಕೊಲೆಸ್ಟರಾಲನ್ನು ಏರಿಸುವ ಗುಣವೂ ಅದಕ್ಕಿದೆ. ಸ್ಟಾಟಿನ್ ಔಷಧಿಗಳು ಬರುವುದಕ್ಕೆ ಮುಂಚಿನ ಒಂದು ದೊಡ್ಡ ಪ್ರಯೋಗದಲ್ಲಿ ಹೃದಯಾಘಾತವೂ ಕೊಂಚ ತಗ್ಗಿತು. ವೈದ್ಯರು ಆಶೆಪಟ್ಟುದು ಸಹಜವೇ.

ಆದರೆ ಮುಂದೆ ನಡೆದುದೇನು? ಸ್ಟಾಟಿನ್ ಸೇವಿಸುತ್ತಿದ್ದ 3,414 ಮಂದಿಯ ಮೇಲೆ ನಡೆದ ಪ್ರಯೋಗವನ್ನು 2011ರಲ್ಲಿ ಅವಧಿಗೆ ಮುನ್ನವೇ ನಿಲ್ಲಿಸಲಾಯಿತು. ಅಂಕಿಗಳು ಸುಧಾರಿಸಿದುವು, ಹೃದಯಾಘಾತಗಳು ತಗ್ಗಲಿಲ್ಲ. 2014ರಲ್ಲಿ ಪ್ರಕಟವಾದ, 25,673 ಮಂದಿಯ ಇನ್ನೊಂದು ಪ್ರಯೋಗವೂ ಇದನ್ನೇ ಸಾರಿತು. ಸಾಲದುದಕ್ಕೆ ಮಧುಮೇಹ, ರಕ್ತಸ್ರಾವ, ಸೋಂಕುಗಳು ಹೆಚ್ಚಿದುವು. ಹೆಚ್ಚುವರಿ ನಯಾಸಿನ್ ದೇಹದಲ್ಲಿ ಒಡೆದಾಗ ಹುಟ್ಟುವ ಪದಾರ್ಥವೊಂದು ರಕ್ತನಾಳದಲ್ಲಿ ಉರಿಯೂತವನ್ನು ಕೆರಳಿಸಬಹುದೆಂದು 2024ರ ಸಂಶೋಧನೆಯೊಂದು ಸೂಚಿಸಿದೆ.

ವಿದ್ಯಾರ್ಥಿಮಿತ್ರರು ಇದರಿಂದ ಕಲಿಯಬೇಕಾದ ಪಾಠವೊಂದಿದೆ. ಅಂಕಿಯು ರೋಗದ ಗುರುತೇ ಹೊರತು ರೋಗವಲ್ಲ. ಗುರುತನ್ನು ಅಳಿಸಿದ ಮಾತ್ರಕ್ಕೆ ರೋಗ ಹೋಯಿತೆನ್ನುವುದು, ಜ್ವರಮಾಪಕವನ್ನು ತಣ್ಣೀರಿನಲ್ಲಿ ಅದ್ದಿ ಜ್ವರ ಇಳಿಯಿತೆಂದಂತೆ. ಯಾವ ಔಷಧಿಯ ಬಗೆಗಾದರೂ ನಾವು ಕೇಳಬೇಕಾದ ಪ್ರಶ್ನೆ ಒಂದೇ: ಇದರಿಂದ ರೋಗಿಗೆ ಒಳಿತಾಯಿತೆ?

'ಜೀವಸತ್ವವಲ್ಲವೆ, ಕೇಡೇನು?' ಎಂದು ವೈದ್ಯರನ್ನು ಕೇಳದೆ ನಯಾಸಿನ್ ಗುಳಿಗೆಗಳನ್ನು ನುಂಗುವುದು ತರವಲ್ಲ. ಮನೆಯ ಹಿರಿಯರನ್ನು ಬೆಳಗ್ಗೆ ಹಲಸೂರು ಕೆರೆಯ ಕಡೆಗೆ ನಡೆಸಿಕೊಂಡು ಹೋಗುವುದೇ ಅವರ ರಕ್ತನಾಳಗಳಿಗೆ ನಾವು ಮಾಡಬಹುದಾದ ಮೊದಲ ಉಪಕಾರ.