ಪ್ವಾರೊ ಸಾಯಲಿ ಬಿಡಿ

ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನ ಗೆಳೆಯನಿಗೆ ಅಗಾಥಾ ಕ್ರಿಸ್ಟಿಯ ಪತ್ತೇದಾರ ಹರ್ಕ್ಯೂಲ್ ಪ್ವಾರೊ ಅಂದ್ರೆ ಪ್ರಾಣ. ಪ್ವಾರೊನ 33 ಕಾದಂಬರಿಗಳಲ್ಲಿ 32 ಓದಿದ್ದಾನೆ. ಕೊನೆಯದಾದ ‘ಕರ್ಟನ್’ ಮಾತ್ರ ಮುಟ್ಟಲ್ಲ. “ಅದನ್ನ ಓದೋತನಕ ಪ್ವಾರೊ ಬದುಕಿರ್ತಾನೆ ಕಣೋ” ಅಂತಾನೆ. ಕೇಳಿದವರೆಲ್ಲ ಆಹಾ, ಎಂಥಾ ಅಭಿಮಾನ ಅಂತ ಕರಗಿಹೋಗ್ತಾರೆ. ನನಗೆ ಮೈ ಉರಿಯುತ್ತೆ. ಯಾಕಂದ್ರೆ ಆರು ವರ್ಷ ನಾನೂ ಇದೇ ನಾಟಕ ಆಡಿದ್ದೆ.

ಪ್ವಾರೊ ಸಾಯ್ತಾನೆ ಅಂತ ಹೇಳಿ ಮಜಾ ಕೆಡಿಸಿದೆ ಅಂತ ಬೈಬೇಡಿ. ಪುಸ್ತಕ ಹೊರಬಂದದ್ದು 1975ರ ಸೆಪ್ಟೆಂಬರಿನಲ್ಲಿ. ಅದಕ್ಕೂ ಮೊದಲೇ, ಆಗಸ್ಟ್ 6ರಂದು, ನ್ಯೂಯಾರ್ಕ್ ಟೈಮ್ಸ್ ಮುಖಪುಟದಲ್ಲೇ ಅವನ ನಿಧನವಾರ್ತೆ ಹಾಕಿತ್ತು. ಕೊಲೆಗಾರ ಯಾರು ಅಂತ ಮಾತ್ರ ನಾನು ಬಾಯಿ ಬಿಡಲ್ಲ.

ಕ್ರಿಸ್ಟಿ ಈ ಕಾದಂಬರಿಯನ್ನು ಬರೆದದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. ತಾನು ಸತ್ತ ಮೇಲೆ ಪ್ರಕಟವಾಗಲಿ ಅಂತ ಹಕ್ಕನ್ನು ಮಗಳ ಹೆಸರಿಗೆ ಮಾಡಿ, ಹಸ್ತಪ್ರತಿಯನ್ನು ಭದ್ರವಾಗಿ ಎತ್ತಿಟ್ಟಳು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅದು ಹಾಗೇ ಇತ್ತು. ಕಡೆಗೆ ಬದುಕಿರುವಾಗಲೇ ಪ್ರಕಟಣೆಗೆ ಒಪ್ಪಿದಳು. 1976ರ ಜನವರಿಯಲ್ಲಿ ತೀರಿಕೊಂಡಳು. ಅಂದ್ರೆ ಇದು ಸುಸ್ತಾದ ಲೇಖಕಿ ಹೇಗೋ ಮುಗಿಸಿ ಕೈತೊಳೆದುಕೊಂಡ ಪುಸ್ತಕ ಅಲ್ಲ, ಸ್ವಾಮಿ. ತನ್ನ ಪಾತ್ರ ಹೇಗೆ ಹೋಗಬೇಕು ಅನ್ನೋದನ್ನ ಆಕೆ ಕಸುವು ಇದ್ದಾಗಲೇ ತೀರ್ಮಾನಿಸಿದ್ದಳು.

ಕಥೆ ನಡೆಯೋದು ಸ್ಟೈಲ್ಸ್‌ನಲ್ಲಿ, 1920ರ ಮೊದಲ ಕಾದಂಬರಿಯ ಅದೇ ಮನೆಯಲ್ಲಿ. ಆ ಮನೆ ಈಗ ಗೆಸ್ಟ್ ಹೌಸ್ ಆಗಿದೆ. ಪ್ವಾರೊ ಸಂಧಿವಾತದಿಂದ ಗಾಲಿಕುರ್ಚಿ ಹಿಡಿದಿದ್ದಾನೆ. ಹಳೇ ಗೆಳೆಯ ಹೇಸ್ಟಿಂಗ್ಸ್ ಹೆಂಡತಿಯನ್ನು ಕಳಕೊಂಡು ಬಂದಿದ್ದಾನೆ. ಅದೇ ಮನೆಯಲ್ಲಿ ಒಬ್ಬ ಕೊಲೆಗಾರ ಇದ್ದಾನೆ. ಯಾವ ಕೋರ್ಟಿಗೂ ಅವನನ್ನು ಶಿಕ್ಷಿಸಲು ಆಗಲ್ಲ. ಪ್ವಾರೊಗೆ ಅದು ಗೊತ್ತು. ಕೊಲೆ ಅನ್ನೋದನ್ನೇ ಒಪ್ಪದೆ ಬದುಕಿದ ಮನುಷ್ಯ ಈಗ ಏನು ಮಾಡಬೇಕು?

ನನ್ನ ತಕರಾರಿನ ಬುಡ ಇರೋದು ಇಲ್ಲೇ. ಈ ಪ್ರಶ್ನೆಯನ್ನ ಹಿಂದಿನ 32 ಪುಸ್ತಕಗಳು ಇಷ್ಟು ನೇರವಾಗಿ ಕೇಳೋಕೆ ಸಾಧ್ಯವೇ ಇರಲಿಲ್ಲ. ಮುಂದಿನ ವರ್ಷ ಮೀಸೆ ತಿರುವಿಕೊಂಡು ಹೊಸ ಕೇಸಿಗೆ ಬರಲೇಬೇಕಾದ ಪತ್ತೇದಾರ ಯಾವ ನಿರ್ಧಾರಕ್ಕೂ ಬೆಲೆ ತೆರಬೇಕಾಗಿಲ್ಲ. ಮುಗಿದುಹೋಗುವವನು ಮಾತ್ರ ತೆರಬೇಕು. ‘ಕರ್ಟನ್’ ಬಿಟ್ಟು ಪ್ವಾರೊನನ್ನ ಪ್ರೀತಿಸ್ತೀನಿ ಅನ್ನೋರು ಅವನ ಜಾಣತನವನ್ನಷ್ಟೇ ಪ್ರೀತಿಸ್ತಿದ್ದಾರೆ.

ಓದದೇ ಇರೋದು ಒಂದು ಬಗೆ. ಮುಂದುವರಿಸೋದು ಇನ್ನೊಂದು. 2014ರಿಂದ ಕ್ರಿಸ್ಟಿ ಕುಟುಂಬದ ಒಪ್ಪಿಗೆ ಪಡೆದು ಸೋಫಿ ಹ್ಯಾನಾ ಹೊಸ ಪ್ವಾರೊ ಕಾದಂಬರಿಗಳನ್ನು ಬರೀತಿದ್ದಾರೆ. ಆಕೆ ಒಳ್ಳೆ ಲೇಖಕಿ, ಜಗಳ ಅದಲ್ಲ. “ಮೊದಲನೆಯದು ನಡೆಯೋದು 1929ರಲ್ಲಿ, ಸಾವಿನ ತಂಟೆಗೆ ಹೋಗಿಲ್ಲವಲ್ಲ” ಅಂತಾರೆ. ನಿಜ. ಆದರೆ ಹೀಗೆ ಹಳೇ ವರ್ಷಗಳ ನಡುವೆ ಸಂದು ಹುಡುಕಿ ತುರುಕುತ್ತಾ ಹೋದ್ರೆ ಕೊನೆ ಅನ್ನೋದು ಬರೀ ಕ್ಯಾಲೆಂಡರಿನ ಒಂದು ತಾರೀಖು ಆಗುತ್ತೆ. ಕಾನನ್ ಡಾಯ್ಲ್ 1893ರಲ್ಲಿ ಹೋಮ್ಸ್‌ನನ್ನ ಸಾಯಿಸಿ, ಹತ್ತು ವರ್ಷಕ್ಕೆ ಮತ್ತೆ ಎಬ್ಬಿಸಿ ಕೂರಿಸಬೇಕಾಯಿತು. ಕ್ರಿಸ್ಟಿ ತನ್ನ ಕೈಯಿಂದ ಹಾಗಾಗಲು ಬಿಡಲಿಲ್ಲ. ಆ ಕೆಲಸವನ್ನ ಈಗ ನಾವು, ಕಾಸು ಕೊಟ್ಟು ಕೊಳ್ಳುವ ಓದುಗರು, ಮಾಡಿಸ್ತಿದ್ದೀವಿ.

ಎಂಟನೇ ಸೀಸನ್ ಯಾವಾಗ, ಪಾರ್ಟ್ ತ್ರೀ ಯಾವಾಗ ಅಂತ ಕೇಳ್ತಾನೇ ಇರೋ ನಮಗೆ ಮುಗಿಯೋದು ಅಂದ್ರೆ ಮೋಸ ಅನ್ನಿಸಿಬಿಟ್ಟಿದೆ. ನಮ್ಮ ಈ ಹಟವೇ ಮೋಸ ಅಂತೀನಿ ನಾನು.

ಸೋಮವಾರ ಗೆಳೆಯನ ಡೆಸ್ಕ್ ಮೇಲೆ ನನ್ನ ‘ಕರ್ಟನ್’ ಪ್ರತಿ ಇಟ್ಟು ಬರ್ತೀನಿ. ನಿಮ್ಮ ಶೆಲ್ಫಿನಲ್ಲೂ ಅದು ಧೂಳು ತಿಂತಿದ್ರೆ ಮೊದಲು ಸ್ಟೈಲ್ಸ್ ಕಾದಂಬರಿ ಓದಿ, ಆಮೇಲೆ ಅದನ್ನ ಎತ್ಕೊಳ್ಳಿ. ಓದಿ ಮುಗಿಸಿದ ಮೇಲೂ ನನ್ನ ಬೈಬೇಕು ಅನ್ನಿಸಿದ್ರೆ ಧಾರಾಳವಾಗಿ ಬೈರಿ.