ಗುಂಯ್‌ಗುಡುವ ಕಾರು

ಮಜ್ದಾ ಮಿಯಾಟಾ 1989ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ, ಇಬ್ಬರೇ ಕೂರುವ ಪುಟ್ಟ ಸ್ಪೋರ್ಟ್ಸ್ ಕಾರು. ಅದರ ಮೂಲ ಸೈಲೆನ್ಸರ್ ಸಪ್ಪೆ ಎಂದು ಕಿತ್ತೊಗೆದು ಅಗಲ ಕೊಳವೆ ಹಾಕಿಸುವ ಹುಡುಗರುಂಟು. ಜೋರಾಗಿ ಓಡಿಸಿದರೆ ಗರ್ಜನೆ ಸೊಗಸೇ. ನಿಧಾನವಾಗಿ ಹೋಗುವಾಗ ಫಜೀತಿ: ಒಳಗೆಲ್ಲ ಗುಂಯ್ ಎಂಬ ಒಂದೇ ಶ್ರುತಿ, ಜೊತೆಗೆ ತಲೆನೋವು.

ಲೆಕ್ಕ ಹಾಕೋಣ. ನಾಲ್ಕು ಸಿಲಿಂಡರಿನ ಈ ಎಂಜಿನ್ ಸುತ್ತಿಗೆ ಎರಡು ಬಾರಿ ಹೊಗೆ ಉಗುಳುತ್ತದೆ. ನಿಮಿಷಕ್ಕೆ 2,400 ಸುತ್ತಾದರೆ ಸೆಕೆಂಡಿಗೆ 80 ಮಿಡಿತ. ಕೊಳವೆಯ ಅನಿಲವೋ ಕಾರಿನೊಳಗಿನ ಗಾಳಿಯೋ ಇದೇ ಕಂಪನಾಂಕಕ್ಕೆ ಅನುರಣಿಸಿದರೆ ಸದ್ದು ಉಬ್ಬುತ್ತದೆ. ಪಿ.ಯು. ಪ್ರಯೋಗಶಾಲೆಯ ಅನುರಣನ ನಳಿಕೆ ನೆನಪಿದೆಯೇ? ಅದೇ ಪಾಠ.

ಮದ್ದೂ ಅಲ್ಲೇ ಇದೆ. ತುದಿ ಮುಚ್ಚಿದ, ಕಾಲು ತರಂಗದಷ್ಟು ಉದ್ದದ ಕವಲು ಕೊಳವೆಯೊಂದನ್ನು ಬೆಸೆಯುವುದು. ಒಳಹೊಕ್ಕ ಅಲೆ ತುದಿಗೆ ಬಡಿದು, ಅರ್ಧ ತರಂಗದಷ್ಟು ತಡವಾಗಿ ಮರಳಿ, ಹಿಂದೆ ಬಂದ ಅಲೆಯನ್ನು ಬಹುಮಟ್ಟಿಗೆ ಅಳಿಸುತ್ತದೆ. 200 ಡಿಗ್ರಿ ಸೆಲ್ಸಿಯಸ್ ಅನಿಲದಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 435 ಮೀಟರ್; ಕವಲಿನ ಉದ್ದ ಸುಮಾರು 1.36 ಮೀಟರ್. ಪಠ್ಯದ 340ನ್ನೇ ನಂಬಿ ಕೊಯ್ದರೆ 1.06 ಮೀಟರಿಗೆ ಗಿಡ್ಡವಾಗುತ್ತದೆ. ಗುಂಯ್‌ಕಾರ ಹಾಗೇ, ಅಪ್ಪನ ದುಡ್ಡು ದಂಡ.

ಸರಿಯಾಗಿ ಕೊಯ್ದರೂ ಅಡಗುವುದು ಆ ಒಂದು ಶ್ರುತಿ ಮಾತ್ರ. ನೆರೆಮನೆಯವರಿಗೆ ಗರ್ಜನೆ ತಪ್ಪಿದ್ದಲ್ಲ.