ಬಿಟ್ಟಿ ಚಾಕರಿಗೆ ಹೊಸ ಹೆಸರು

ಬೇಸಿಗೆ ರಜೆಗೆ ಪತ್ರಿಕೆ ಕಚೇರಿಗೆ ಬನ್ನಿ, ವರದಿ ಬರೆಯೋದು ಕಲಿಸ್ತೀವಿ ಅಂತಾರೆ. ಬಹಳ ಕಡೆ ಸಂಬಳವಿಲ್ಲ. ಬೆಂಗಳೂರಿನ ರೂಮು ಬಾಡಿಗೆ, ಬಸ್ ಚಾರ್ಜು, ಊಟ ನಮ್ಮದೇ. ರಜೆಯಲ್ಲಿ ಕೂಲಿಗೆ ಹೋಗಿ ಫೀಸು ಹೊಂದಿಸುವ ನಾವು ಎಲ್ಲಿಂದ ತರೋಣ? ಇದಕ್ಕೆ ಅವರಿಟ್ಟ ಹೆಸರು ಇಂಟರ್ನ್‌ಶಿಪ್. ನಮ್ಮಪ್ಪಂದಿರು ಇದನ್ನ ಬಿಟ್ಟಿ ಚಾಕರಿ ಅಂತಿದ್ದರು.

2019ರಲ್ಲಿ ಆಕ್ಸ್‌ಫ್ಯಾಮ್ ಇಂಡಿಯಾ ಮತ್ತು ನ್ಯೂಸ್‌ಲಾಂಡ್ರಿಯವರು ಸುದ್ದಿಮನೆಗಳ 121 ದೊಡ್ಡ ಕುರ್ಚಿಗಳನ್ನು ಎಣಿಸಿದರು. 106ರಲ್ಲಿ ಮೇಲ್ಜಾತಿಯವರು, ದಲಿತರು, ಆದಿವಾಸಿಗಳು ಒಬ್ಬರೂ ಇಲ್ಲ. ಆ ಕುರ್ಚಿಗೆ ಮೊದಲ ಮೆಟ್ಟಿಲು ಈ ಸಂಬಳವಿಲ್ಲದ ಬೇಸಿಗೆ. ಅದನ್ನು ಹತ್ತಿಸೋದು ಪ್ರತಿಭೆಯಲ್ಲ, ಅಪ್ಪನ ದುಡ್ಡು.

ಸಂಪಾದಕರೇ, ನಮಗೆ ಕರುಣೆ ಬೇಡ, ಕೂಲಿ ಬೇಕು. ಕೇರಿಗೆ ಬೆಂಕಿ ಬಿದ್ದರೆ ನಿಮಗೆ ಸುದ್ದಿ ಬೇಕು. ಅದನ್ನು ಬರೆಯೋಕೆ ಕೇರಿಯ ಕೈ ಬೇಡವೇ?